ಬಿಟ್ಟದ್ದೇನು, ತಿಂದದ್ದೇನು: ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತವರೊಬ್ಬರ ಪ್ರಕರಣ

ಗುರುತು ಹತ್ತದಿರಲಿ ಎಂದು ಈ ಬರಹದಲ್ಲಿ ವಯಸ್ಸು, ಕೆಲಸ, ಮನೆಯವರ ವಿವರಗಳನ್ನು ಕೊಂಚ ಬದಲಿಸಿದ್ದೇನೆ. ಪರೀಕ್ಷೆಯ ಅಂಕಿಗಳನ್ನೂ ಯಾವ ಹೊತ್ತಿನಲ್ಲಿ ಯಾವ ನಿರ್ಧಾರ ತೆಗೆದುಕೊಂಡೆವು ಎಂಬುದನ್ನೂ ಮುಟ್ಟಿಲ್ಲ. ನಾನು ಮಾಡಿದ ತಪ್ಪುಗಳನ್ನೂ ಮುಚ್ಚಿಟ್ಟಿಲ್ಲ. ಆಹಾರ ಸಲಹೆ ಕೊಡುವ ಕೆಲಸದಲ್ಲಿರುವವರಿಗೆ ಬಹುಶಃ ಆ ಭಾಗವೇ ಹೆಚ್ಚು ಉಪಯೋಗಕ್ಕೆ ಬಂದೀತು.

ಹಿನ್ನೆಲೆ

47 ವರ್ಷದ ಗಂಡಸು, ದೊಡ್ಡ ಗೋದಾಮೊಂದರಲ್ಲಿ ಮೇಲ್ವಿಚಾರಕ. ಇಲ್ಲಿ ಅವರನ್ನು ಮೇಲ್ವಿಚಾರಕರು ಎಂದೇ ಕರೆಯುತ್ತೇನೆ. ಮೂರು ವಾರದಲ್ಲಿ ಒಂದು ವಾರ ರಾತ್ರಿ ಪಾಳಿ. ಎತ್ತರ 168 ಸೆಂಟಿಮೀಟರ್, ತೂಕ 84 ಕಿಲೋ, ಸೊಂಟದ ಸುತ್ತಳತೆ 102 ಸೆಂಟಿಮೀಟರ್. ಅವರ ಅಪ್ಪನಿಗೆ 52ನೇ ವಯಸ್ಸಿನಲ್ಲೇ ಹೃದಯಾಘಾತವಾಗಿತ್ತು. ಅಮ್ಮನಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ, ಕೊನೆಗೆ ಕಾಲಿನ ಒಂದು ಬೆರಳು ತೆಗೆಸಬೇಕಾಯಿತು. ಆ ಬೆರಳಿನ ನೆನಪೇ ಇವರನ್ನು ನನ್ನ ಹತ್ತಿರ ಕರೆತಂದದ್ದು. ಮಾತಿನ ನಡುವೆ ಎರಡು ಸಲ ಅದನ್ನೇ ಹೇಳಿದರು.

ಕೆಲಸದ ಕಡೆಯ ವಾರ್ಷಿಕ ತಪಾಸಣೆಯಲ್ಲಿ ಎಚ್‌ಬಿಎ1ಸಿ, ಅಂದರೆ ಹೆಚ್ಚುಕಡಿಮೆ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಅಂಕಿ, 6.2 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಕಾಯಿಲೆಗೆ ಮುಂಚಿನ ಹಂತ. 6.5 ಮುಟ್ಟಿದರೆ ಕಾಯಿಲೆ ಎಂದೇ ಲೆಕ್ಕ. ಖಾಲಿ ಹೊಟ್ಟೆಯ ಸಕ್ಕರೆ 114, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 162, ಟ್ರೈಗ್ಲಿಸರೈಡ್ (ರಕ್ತದಲ್ಲಿ ಹರಿಯುವ ಕೊಬ್ಬು) 210, ಬಿಪಿ 138/88. ಒಂದೊಂದನ್ನೇ ನೋಡಿದರೆ ಯಾವುದೂ ಗಾಬರಿ ಹುಟ್ಟಿಸುವ ಅಂಕಿಯಲ್ಲ. ಎಲ್ಲ ಒಟ್ಟಿಗೆ ಇರುವುದು, ಅದರ ಮೇಲೆ ಅಪ್ಪನ 52 ಎಂಬ ಸಂಖ್ಯೆ, ಇದು ಬೇರೆಯೇ ಲೆಕ್ಕ.

ಅವರು ಬರುವಾಗಲೇ ತೀರ್ಮಾನ ಮಾಡಿಕೊಂಡು ಬಂದಿದ್ದರು. ‘ಮಾಂಸ, ಮೊಟ್ಟೆ, ಹಾಲು ಎಲ್ಲ ಬಿಡ್ತೀನಿ ಮೇಡಂ. ಮಾತ್ರೆ ಒಂದು ಬೇಡ.’ ಪೂರ್ತಿ ಸಸ್ಯಾಹಾರಕ್ಕೆ ಹೊರಳಿ ಸಕ್ಕರೆ ಇಳಿಸಿಕೊಂಡ ಸಹೋದ್ಯೋಗಿಯೊಬ್ಬರು ಅವರ ಕಣ್ಣೆದುರಿಗಿದ್ದರು. ಮೊದಲ ದಿನವೇ ಇಷ್ಟು ಹುರುಪಿನಿಂದ ಬರುವವರು ಅಪರೂಪ. ಹುರುಪು ಕಂಡು ನಾನೂ ಸಡಿಲ ಬಿಟ್ಟೆ. ಮಾಮೂಲಿನಂತೆ ಒಂದು ಅಚ್ಚಾದ ಹಾಳೆ ಕೊಟ್ಟೆ. ಅದರ ಒಂದು ಮಗ್ಗುಲಲ್ಲಿ ‘ಬಿಡಬೇಕಾದವು’, ಇನ್ನೊಂದು ಮಗ್ಗುಲಲ್ಲಿ ‘ತಿನ್ನಬೇಕಾದವು’. ಕೆಳಗೆ ಕೈಯಲ್ಲಿ ‘ಬಿ12 ಮಾತ್ರೆ, ತಪ್ಪಿಸಬೇಡಿ’ ಎಂದು ಬರೆದೆ. ಬಿ12 ಎಂಬ ವಿಟಮಿನ್ ಸಸ್ಯಗಳಿಂದ ಸಿಗುವುದಿಲ್ಲ. ಅವರ ಬಿ12 ಆಗ 238 ಪಿಕೋಗ್ರಾಂ ಇತ್ತು, ಕೊರತೆ ಅನ್ನಲಾಗದು, ಸಾಕು ಅನ್ನಲೂ ಆಗದು. ಮೂರು ತಿಂಗಳು ಬಿಟ್ಟು ಬನ್ನಿ ಎಂದೆ.

ಸಮಸ್ಯೆ: ಬಿಟ್ಟರೂ ಏರಿತು

ಮೂರು ತಿಂಗಳಿಗೆ ಸರಿಯಾಗಿ ಬಂದರು. ಮಾಂಸದ ಒಂದು ಚೂರು, ಹಾಲಿನ ಒಂದು ತೊಟ್ಟು ಮುಟ್ಟಿರಲಿಲ್ಲ, ಅದರಲ್ಲಿ ನನಗೆ ಸಂಶಯವೇ ಇಲ್ಲ. ತೂಕ ಮಾತ್ರ 85.5ಕ್ಕೆ ಏರಿತ್ತು. ಎಚ್‌ಬಿಎ1ಸಿ 6.3, ಟ್ರೈಗ್ಲಿಸರೈಡ್ 248. ಎಲ್‌ಡಿಎಲ್ ಒಂದೇ ಸ್ವಲ್ಪ ಇಳಿದು 154 ಆಗಿತ್ತು. ವರದಿಯನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕೂತರು. ಬೈದಿದ್ದರೆ ವಾಸಿಯಿತ್ತು.

ಅವರ ವೈದ್ಯರು ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ಶುರು ಮಾಡೋಣವೇ ಎಂದು ಕೇಳಿದ್ದರಂತೆ. ಈ ಹಂತದಲ್ಲಿ ಆ ಮಾತ್ರೆ ಕೊಡುವುದು ತಪ್ಪೇನಲ್ಲ. ಅಮೆರಿಕದಲ್ಲಿ 3,234 ಜನರನ್ನಿಟ್ಟುಕೊಂಡು ನಡೆದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಎಂಬ ದೊಡ್ಡ ಪ್ರಯೋಗದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬರುವುದು 31% ಕಡಿಮೆಯಾಗಿತ್ತು. ಅದೇ ಪ್ರಯೋಗದಲ್ಲಿ ತೂಕ 7% ಇಳಿಸುವ, ವಾರಕ್ಕೆ 150 ನಿಮಿಷ ಮೈ ಬಗ್ಗಿಸುವ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಆ ಇಳಿಕೆ 58%. ಈ ಎರಡು ಅಂಕಿಗಳನ್ನು ಮುಂದಿಟ್ಟು ವೈದ್ಯರ ಹತ್ತಿರ ಇನ್ನು ಮೂರು ತಿಂಗಳು ಕೇಳಿಕೊಂಡೆವು. ಅವರು ಒಪ್ಪಿದರು, ಒಂದು ಷರತ್ತಿನ ಮೇಲೆ: 6.5 ಮುಟ್ಟಿದರೆ ಮರುಮಾತಿಲ್ಲದೆ ಮಾತ್ರೆ. ಗಡುವು ಇಲ್ಲದ ಪಥ್ಯ ಎಳೆದುಕೊಂಡು ಹೋಗುತ್ತಲೇ ಇರುತ್ತದೆ. ಆ ಷರತ್ತು ಹಾಕಿದ್ದು ಒಳ್ಳೆಯದೇ ಆಯಿತು.

ಆಮೇಲೆ ಮೊದಲ ದಿನವೇ ಮಾಡಬೇಕಿದ್ದ ಕೆಲಸಕ್ಕೆ ಕೈ ಹಾಕಿದೆ. ಹಿಂದಿನ ದಿನ ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಹೋದದ್ದೆಲ್ಲವನ್ನೂ ಹೇಳಿಸಿದೆ. ಬೆಳಿಗ್ಗೆ ಬಿಳಿ ಬ್ರೆಡ್ಡಿಗೆ ಜಾಮ್, ಒಂದು ದೊಡ್ಡ ಲೋಟ ಹಣ್ಣಿನ ರಸ. ಮಧ್ಯಾಹ್ನ ತಟ್ಟೆ ತುಂಬ ಬಿಳಿ ಅನ್ನ, ಪಕ್ಕದಲ್ಲಿ ಕರಿದ ಆಲೂಗಡ್ಡೆ. ಸಂಜೆ ಬಿಸ್ಕತ್ತು, ಚಿಪ್ಸ್. ರಾತ್ರಿ ಮೈದಾದ ನೂಡಲ್ಸ್. ನಡುನಡುವೆ ಹಾಲಿಲ್ಲದ ಚಹಾ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ‘ಹಾಲಿಲ್ಲದೆ ಕಹಿ ಅಲ್ವಾ ಮೇಡಂ, ಅದಕ್ಕೆ ಒಂದು ಚಮಚ ಇದ್ದದ್ದು ಎರಡಾಯ್ತು.’

ಸಕ್ಕರೆ ಬರುವುದು ಗಿಡದಿಂದ. ಮೈದಾ ಗಿಡದ್ದೇ, ಕರಿದ ಎಣ್ಣೆಯೂ ಗಿಡದ್ದೇ. ನಾನು ಕೊಟ್ಟ ಹಾಳೆಯ ಯಾವ ಮಾತನ್ನೂ ಅವರು ಮೀರಿರಲಿಲ್ಲ. ಚಹಾದ ಸಕ್ಕರೆಯೇ ದಿನಕ್ಕೆ 40 ಗ್ರಾಂ. ಹಣ್ಣಿನ ರಸದ ಸಕ್ಕರೆಯನ್ನೂ ವಿಶ್ವ ಆರೋಗ್ಯ ಸಂಸ್ಥೆ ಬೆರೆಸಿದ ಸಕ್ಕರೆಯ ಲೆಕ್ಕಕ್ಕೇ ಸೇರಿಸುತ್ತದೆ. ಹಣ್ಣನ್ನು ಇಡಿಯಾಗಿ ಕಚ್ಚಿ ತಿಂದರೆ ಸೇರಿಸುವುದಿಲ್ಲ. ಜಾಮ್, ಬಿಸ್ಕತ್ತು ಎಲ್ಲ ಕೂಡಿಸಿದಾಗ 90 ಗ್ರಾಂ ಹತ್ತಿರ ಬಂತು. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ಆ ಸಂಸ್ಥೆ ಹಾಕಿರುವ ಮೇಲ್ಮಿತಿ 50 ಗ್ರಾಂ, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ. ನಾರಿನಂಶ ಲೆಕ್ಕ ಹಾಕಿದರೆ 13 ಗ್ರಾಂ, ಇರಬೇಕಾದದ್ದು ಕನಿಷ್ಠ 25. ಪ್ರೋಟೀನ್ ಬರೀ 38 ಗ್ರಾಂ. ಮಾಂಸ, ಮೊಟ್ಟೆ ಎದ್ದು ಹೋದ ಜಾಗ ಖಾಲಿಯೇ ಉಳಿದಿತ್ತು, ಹಸಿವು ಅದನ್ನು ಹಿಟ್ಟು, ಸಕ್ಕರೆಗಳಿಂದ ತುಂಬಿಸಿಕೊಂಡಿತ್ತು.

ವರದಿಯ ಅಂಕಿಗಳೂ ಇದನ್ನೇ ಹೇಳುತ್ತಿದ್ದವು. ಬೆಣ್ಣೆ, ಮಾಂಸದ ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬು ನಿಂತದ್ದರಿಂದ ಎಲ್‌ಡಿಎಲ್ ತುಸು ತಗ್ಗಿತ್ತು. ಹೆಚ್ಚು ತಗ್ಗದಂತೆ ಬಿಸ್ಕತ್ತಿನ ತಾಳೆ ಎಣ್ಣೆ ತಡೆದಿರಬೇಕು, ಅದರ ಕೊಬ್ಬಿನಲ್ಲಿ ಹೆಚ್ಚುಕಡಿಮೆ ಅರ್ಧ ಪರ್ಯಾಪ್ತ ಕೊಬ್ಬೇ. ಸಕ್ಕರೆ, ಮೈದಾ ಅತಿಯಾದಾಗ ಯಕೃತ್ತು ಅವುಗಳನ್ನು ಕೊಬ್ಬಾಗಿ ಮಾರ್ಪಡಿಸಿ ರಕ್ತಕ್ಕೆ ಕಳಿಸುತ್ತದೆ, ಅದೇ ಟ್ರೈಗ್ಲಿಸರೈಡ್ ಏರಿಕೆಯಾಗಿ ಕಾಣಿಸಿಕೊಳ್ಳುತ್ತದೆ.

ಸಸ್ಯಾಹಾರದ ಪರ ಮಾತಾಡುವವರು ಅನೇಕರು ಹಾರಿಸಿಬಿಡುವ ಒಂದು ಅಧ್ಯಯನ ಇದೆ. ಅಮೆರಿಕದ ಎರಡು ಲಕ್ಷಕ್ಕೂ ಹೆಚ್ಚು ಆರೋಗ್ಯ ಸಿಬ್ಬಂದಿಯನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ್ದು. ಇಡೀ ಧಾನ್ಯ, ಕಾಳು, ತರಕಾರಿ, ಹಣ್ಣು, ಬೀಜಗಳನ್ನು ಹೆಚ್ಚು ತಿನ್ನುವವರಲ್ಲಿ ಟೈಪ್ 2 ಸಕ್ಕರೆ ಕಾಯಿಲೆಯ ಅಪಾಯ 34% ಕಡಿಮೆ ಕಂಡಿತ್ತು. ಸಸ್ಯದಿಂದಲೇ ಬಂದರೂ ಮೈದಾ, ಸಿಹಿ ಪಾನೀಯ, ಸಿಹಿ ತಿಂಡಿಗಳನ್ನು ಹೆಚ್ಚು ತಿನ್ನುವವರಲ್ಲಿ 16% ಹೆಚ್ಚು. ಮರುವರ್ಷ ಅದೇ ತಂಡ ಹೃದಯದ ಕಾಯಿಲೆಗೆ ಇದೇ ಲೆಕ್ಕ ಹಾಕಿತು: ಒಂದು ಕಡೆ 25% ಕಡಿಮೆ, ಇನ್ನೊಂದು ಕಡೆ 32% ಹೆಚ್ಚು. ಜನರನ್ನು ಗಮನಿಸುತ್ತ ಹೋಗುವ ಇಂಥ ಅಧ್ಯಯನ ಇದರಿಂದಲೇ ಅದಾಯಿತು ಎಂದು ಸಾಬೀತು ಮಾಡುವುದಿಲ್ಲ, ನಿಜ. ಆದರೂ ಎರಡೂ ಗುಂಪು ‘ಸಸ್ಯದ್ದು’ ಎನ್ನುವ ಒಂದೇ ಚೀಟಿಯ ಕೆಳಗೆ ಬರುತ್ತವೆ ಎಂಬುದನ್ನು ಮರೆಯುವಂತಿಲ್ಲ. ನನಗೆ ಈ ಅಧ್ಯಯನ ಗೊತ್ತಿತ್ತು. ಹಾಳೆ ಕೊಡುವಾಗ ನೆನಪಾಗಲಿಲ್ಲ, ಅಷ್ಟೆ.

ತಿರುವು

ಮುಂದಿನ ಸಲ ಬರುವಾಗ ಮನೆಯಲ್ಲಿ ಅಡುಗೆ ಮಾಡುವವರನ್ನೂ ಕರೆತನ್ನಿ ಎಂದಿದ್ದೆ. ಹೆಂಡತಿ ಬಂದರು. ಕೈಚೀಲದಿಂದ ನಾನು ಕೊಟ್ಟ ಹಾಳೆಯನ್ನು ತೆಗೆದು ಮಡಿಕೆ ಬಿಡಿಸಿ ಮೇಜಿನ ಮೇಲೆ ಹರಡಿದರು. ಮೂರು ತಿಂಗಳಿಂದ ಅದು ಫ್ರಿಜ್ಜಿನ ಬಾಗಿಲ ಮೇಲೆ ಆಯಸ್ಕಾಂತಕ್ಕೆ ಅಂಟಿಕೊಂಡಿತ್ತಂತೆ. ‘ಬಿಡಬೇಕಾದವು’ ಮಗ್ಗುಲಲ್ಲಿ ಎಣ್ಣೆ ಬೆರಳಿನ ಗುರುತು, ಮೂಲೆಯಲ್ಲಿ ಅರಿಶಿನದ ಕಲೆ, ಆಯಸ್ಕಾಂತ ಒತ್ತಿದ ದುಂಡು ಗೆರೆ. ತಿರುವಿ ಹಾಕಿದೆ. ‘ತಿನ್ನಬೇಕಾದವು’ ಮಗ್ಗುಲು ಅಚ್ಚಾದ ದಿನ ಇದ್ದಷ್ಟೇ ಬೆಳ್ಳಗಿತ್ತು. ಮೂರು ತಿಂಗಳೂ ಅದು ಫ್ರಿಜ್ಜಿನ ಬಾಗಿಲ ಕಡೆಗೆ ಮುಖ ಮಾಡಿ ನಿಂತಿತ್ತು.

‘ಬಿಡೋದೇನೋ ಇವರು ಬಿಟ್ಟುಬಿಟ್ರು ಮೇಡಂ. ಅದರ ಬದಲು ಏನು ಬೇಯಿಸಬೇಕು ಅಂತ ನನಗೆ ಯಾರೂ ಹೇಳಲಿಲ್ಲ’ ಅಂದರು ಹೆಂಡತಿ. ಅದರಲ್ಲಿ ಸಿಟ್ಟಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಮಾಂಸ ಇಲ್ಲದ ದಿನ ಆಲೂಗಡ್ಡೆ ಕರಿದರೆ ಮನೆಯವರೆಲ್ಲ ತಕರಾರಿಲ್ಲದೆ ತಿನ್ನುತ್ತಿದ್ದರು, ಆದ್ದರಿಂದ ದಿನವೂ ಆಲೂಗಡ್ಡೆ.

ಈ ಪ್ರಕರಣದಲ್ಲಿ ಎಲ್ಲಿಂದ ದಾರಿ ಬದಲಾಯಿತು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಕಾಲು ಗಂಟೆಯನ್ನೇ. ಅಲ್ಲಿಯವರೆಗೂ ನಾನು ಮಾತಾಡಿದ್ದು ತಿನ್ನುವವರ ಜೊತೆ, ಒಲೆಯ ಮುಂದೆ ನಿಲ್ಲುವವರು ಕೋಣೆಯಲ್ಲೇ ಇರಲಿಲ್ಲ.

ಏನೇನು ಮಾಡಿ ನೋಡಿದೆವು

ಬಿಡುವ ಪಟ್ಟಿಯನ್ನು ಹರಿದು ಹಾಕಿದೆವು. ಆರು ವಾರ ಏನನ್ನೂ ಹೊಸದಾಗಿ ಬಿಡುವಂತಿಲ್ಲ, ಸೇರಿಸುವುದಷ್ಟೇ ಕೆಲಸ ಎಂದೆ. ಮೇಲ್ವಿಚಾರಕರಿಗೆ ಇದು ಸೋಲೊಪ್ಪಿಕೊಂಡಂತೆ ಕಂಡಿತು. ಹೆಂಡತಿಯ ಮುಖ ಮಾತ್ರ ಅವತ್ತು ಮೊದಲ ಸಲ ಸಡಿಲಾಯಿತು.

ಮೊದಲು ಸೇರಿದ್ದು ಕಾಳು. ಮಧ್ಯಾಹ್ನ ಒಂದು ಕಪ್, ರಾತ್ರಿ ಒಂದು ಕಪ್ ಬೆಂದ ಕಾಳು ಅಥವಾ ಬೇಳೆ. ಅದು ತಟ್ಟೆಗೆ ಬಿದ್ದ ಮೇಲೆಯೇ ಅನ್ನ. ಒಂದು ಕಪ್ ಬೆಂದ ಇಡೀ ಮಸೂರದಲ್ಲಿ ಸುಮಾರು 18 ಗ್ರಾಂ ಪ್ರೋಟೀನ್, 15 ಗ್ರಾಂ ನಾರು ಇರುತ್ತದೆ. ಅವರ ಇಡೀ ದಿನದ ಹಳೆಯ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ ಈ ಒಂದೇ ಬಟ್ಟಲಿನ ತೂಕ ತಿಳಿಯುತ್ತದೆ. ಅನ್ನ ಕಡಿಮೆ ಮಾಡಿ ಎಂದು ನಾನು ಹೇಳಲೇ ಇಲ್ಲ. ಹೊಟ್ಟೆಯಲ್ಲಿ ಜಾಗ ಇಲ್ಲದೆ ತಾನಾಗಿ ಅರ್ಧಕ್ಕೆ ಇಳಿಯಿತು.

ಎರಡನೇ ವಾರದಲ್ಲಿ ಫೋನು ಬಂತು. ಹೊಟ್ಟೆ ಉಬ್ಬರ, ವಾಯು, ಪಾಳಿಯಲ್ಲಿ ಜನರ ನಡುವೆ ನಿಲ್ಲಲು ನಾಚಿಕೆ. ‘ನನ್ನ ದೇಹಕ್ಕೆ ಇದು ಒಗ್ಗಲ್ಲ’ ಎಂದು ತೀರ್ಪನ್ನೂ ಕೊಟ್ಟಿದ್ದರು. ದೇಹಕ್ಕೆ ಒಗ್ಗದ್ದೇನೂ ಅಲ್ಲ, ನಾನು ಅವಸರ ಮಾಡಿದ್ದೆ. 13 ಗ್ರಾಂ ನಾರಿಗೆ ಹೊಂದಿಕೊಂಡ ಕರುಳಿಗೆ ಒಮ್ಮೆಲೇ 40 ಗ್ರಾಂ ಸುರಿದರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಗಾಳಿ ಎಬ್ಬಿಸದೆ ಬಿಡುತ್ತವೆಯೇ! ಅರ್ಧ ಕಪ್ಪಿಗೆ ಇಳಿದೆವು. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕಾಳು ಬೆರಳಲ್ಲಿ ಹಿಸುಕಿದರೆ ಬೆಣ್ಣೆಯಂತಾಗುವಷ್ಟು ಬೇಯಿಸುವುದು, ನಾಲ್ಕು ವಾರದಲ್ಲಿ ಮೆಲ್ಲಗೆ ಅಳತೆ ಏರಿಸುವುದು, ಜೊತೆಗೆ ನೀರು ಚೆನ್ನಾಗಿ ಕುಡಿಯುವುದು. ತಿಂಗಳು ಕಳೆಯುವಷ್ಟರಲ್ಲಿ ಉಬ್ಬರದ ಮಾತು ನಿಂತಿತು. ಸಸ್ಯಾಹಾರಕ್ಕೆ ಹೊರಳಿದವರು ಬಿಟ್ಟು ಓಡುವುದು ಹೆಚ್ಚಾಗಿ ಈ ಎರಡನೇ, ಮೂರನೇ ವಾರದಲ್ಲೇ ಎಂದು ನನ್ನ ಅನುಭವ. ಇದು ಹೀಗಾಗುತ್ತದೆ ಎಂದು ಮುಂಚೆಯೇ ಹೇಳಿಟ್ಟರೆ ಅರ್ಧ ಜನ ಉಳಿಯುತ್ತಾರೆ.

ಸಮಯದ ತೊಡಕಿಗೆ ದಾರಿ ಹುಡುಕಿದ್ದು ಹೆಂಡತಿ. ರಜೆಯ ದಿನ ದೊಡ್ಡ ಕುಕ್ಕರಿನಲ್ಲಿ ಎರಡು ಬಗೆಯ ಕಾಳು ಒಟ್ಟಿಗೆ ಬೇಯಿಸಿ, ಒಂದೊಂದು ಹೊತ್ತಿನ ಅಳತೆಗೆ ಡಬ್ಬಿ ಕಟ್ಟಿ, ದಿನಾಂಕ ಬರೆದು ಫ್ರೀಜರಿನಲ್ಲಿಡುವುದು. ರಾತ್ರಿ ಪಾಳಿಯ ವಾರ ಮೇಲ್ವಿಚಾರಕರು ಒಂದು ಡಬ್ಬಿ ಎತ್ತಿಕೊಂಡು ಹೋಗುತ್ತಿದ್ದರು. ಅದರ ಜೊತೆ ಒಂದು ಹಿಡಿ ಬಾದಾಮಿ, ಎರಡು ಹಣ್ಣು. ಬಿಸ್ಕತ್ತು ಬೀಳಿಸುವ ಯಂತ್ರ ಗೋದಾಮಿನ ಬಾಗಿಲಲ್ಲೇ ಇತ್ತು, ಈಗಲೂ ಇದೆ. ಹೊಟ್ಟೆ ತುಂಬಿದವನಿಗೆ ಅದು ಕಾಣುವುದಿಲ್ಲ ಎಂದು ಅವರೇ ಒಮ್ಮೆ ನಕ್ಕರು.

ಮಿಕ್ಕವು ಒಂದೊಂದಾಗಿ ಬಂದವು. ಬೆಳಿಗ್ಗೆ ಬ್ರೆಡ್ಡಿನ ಬದಲು ಓಟ್ಸ್. ಹಣ್ಣಿನ ರಸದ ಬದಲು ಹಣ್ಣು. ಚಹಾದ ಸಕ್ಕರೆ ಎರಡು ವಾರಕ್ಕೊಮ್ಮೆ ಅರ್ಧ ಚಮಚ ಕಡಿಮೆ. ಹಾಲಿನ ಜಾಗಕ್ಕೆ ಕ್ಯಾಲ್ಸಿಯಂ ಸೇರಿಸಿದ, ಸಿಹಿ ಹಾಕದ ಸೋಯಾ ಹಾಲು, ವಾರಕ್ಕೆ ಮೂರು ದಿನ ತೋಫು. ಊಟವಾಗಿ ಅರ್ಧ ಗಂಟೆ ನಡಿಗೆ, ವಾರಕ್ಕೆ ಐದು ದಿನ. ಚಹಾವನ್ನು ಊಟದ ಹೊತ್ತಿನಿಂದ ದೂರ ಸರಿಸಿದೆವು, ಕಾಳು ಸೊಪ್ಪುಗಳ ಕಬ್ಬಿಣ ಮೈಗೆ ಹತ್ತದಂತೆ ಅದು ಅಡ್ಡ ಬರುತ್ತದೆ. ನಿಂಬೆ ಹಿಂಡಿಕೊಂಡರೆ ಅದೇ ಕಬ್ಬಿಣ ಹೆಚ್ಚು ಹತ್ತುತ್ತದೆ.

ನಾಲ್ಕನೇ ತಿಂಗಳಲ್ಲಿ ನೆಂಟರ ಮನೆಯ ಸಮಾರಂಭವೊಂದರಲ್ಲಿ ಮಾಂಸ ತಿಂದರು. ವ್ರತಭಂಗವಾದವರಂತೆ ಮುಂದಿನ ಹತ್ತು ದಿನ ಎಲ್ಲವನ್ನೂ ಕೈಬಿಟ್ಟರು. ಕಾಳಿನ ಡಬ್ಬಿಗಳು ಫ್ರೀಜರಿನಲ್ಲೇ ಉಳಿದವು. ನಾನು ಬೇಜಾರು ಮಾಡಿಕೊಂಡದ್ದು ಆ ಒಂದು ಊಟಕ್ಕಲ್ಲ, ಈ ಹತ್ತು ದಿನಕ್ಕೆ. ನಾನು ಮೇಲೆ ಹೇಳಿದ ಆ ದೊಡ್ಡ ಅಧ್ಯಯನವೂ ನೂರಕ್ಕೆ ನೂರು ಸಸ್ಯಾಹಾರವೇ ಆಗಬೇಕೆಂದು ಹೇಳುವುದಿಲ್ಲ. ಅಲ್ಲಿ ಒಳ್ಳೆಯ ಸಸ್ಯಾಹಾರಕ್ಕೆ ಹೆಚ್ಚು ಅಂಕ ಪಡೆದವರಲ್ಲೂ ಸ್ವಲ್ಪ ಮೀನು, ಮೊಟ್ಟೆ, ಹಾಲು ತಿನ್ನುವವರಿದ್ದರು. ಪ್ರಾಣಿಗಳ ಮೇಲಿನ ದಯೆಯಿಂದ ಬಿಡುವವರ ಮಾತು ಬೇರೆ, ಅಲ್ಲಿ ಒಂದು ತುತ್ತೂ ದೊಡ್ಡದೇ. ಕಾಯಿಲೆ ತಡೆಯಲು ಬಿಡುವವರಿಗೆ ವರ್ಷಕ್ಕೆ ನಾಲ್ಕು ಊಟ ಲೆಕ್ಕಕ್ಕಿಲ್ಲ. ಇದನ್ನು ಅವರಿಗೆ ಬಿಡಿಸಿ ಹೇಳಿದೆ. ಮನೆಯಲ್ಲಿ ಪೂರ್ತಿ ಸಸ್ಯಾಹಾರ, ಹೊರಗೆ ಹೋದಾಗ ಎದುರಿಗೆ ಬಂದದ್ದರಲ್ಲಿ ಒಳ್ಳೆಯದು ಎಂದು ತೀರ್ಮಾನಿಸಿಕೊಂಡರು.

ಆರನೇ ತಿಂಗಳಿಗೆ ಎಚ್‌ಬಿಎ1ಸಿ 5.9. ತೂಕ 80.5, ಟ್ರೈಗ್ಲಿಸರೈಡ್ 165, ಎಲ್‌ಡಿಎಲ್ 129. ಮೆಟ್‌ಫಾರ್ಮಿನ್ ಮಾತು ಅಲ್ಲಿಗೆ ನಿಂತಿತು.

ಪಾದದಲ್ಲಿ ಇರುವೆ

ಎಂಟನೇ ತಿಂಗಳಲ್ಲಿ ಹೊಸ ದೂರು. ರಾತ್ರಿ ಕಾಲಿನ ಬೆರಳುಗಳಲ್ಲಿ ಇರುವೆ ಹರಿದಾಡಿದ ಹಾಗೆ ಜುಮುಗುಡುತ್ತದೆ. ಅವರ ಮನಸ್ಸು ಓಡಿದ್ದು ನೇರ ಅಮ್ಮನ ಬೆರಳಿಗೆ. ಸಕ್ಕರೆ ಇಳಿಯುತ್ತಿದ್ದರೂ ನರ ಹೋಯಿತೇ ಎಂಬ ಹೆದರಿಕೆ. ಹಾಗಾಗಬಾರದೆಂದೇನಿಲ್ಲ, ಕಾಯಿಲೆಗೆ ಮುಂಚಿನ ಹಂತದಲ್ಲೂ ನರಗಳಿಗೆ ಪೆಟ್ಟು ಬೀಳಬಹುದು. ವೈದ್ಯರು ಬಿ12 ನೋಡಿಸಿದರು. 171.

ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದೆ. ತಲೆ ತಗ್ಗಿಸಿದರು. ಮಾತ್ರೆ ಬೇಡವೆಂದೇ ಈ ದಾರಿಗೆ ಬಂದವರು, ನಾನು ಕೈಯಲ್ಲಿ ಬರೆದ ಆ ಒಂದು ಸಾಲನ್ನೂ ‘ಮಾತ್ರೆ’ ಎಂಬ ಮಾತಿಗಾಗಿಯೇ ಬದಿಗಿಟ್ಟಿದ್ದರು.

ಆದರೂ ಎಂಟು ತಿಂಗಳಿಗೆ ಇಷ್ಟು ಇಳಿಯುವುದು ನನಗೆ ಸರಿಕಾಣಲಿಲ್ಲ. ಯಕೃತ್ತು ಬಿ12 ಅನ್ನು ವರ್ಷಗಳ ಮಟ್ಟಿಗೆ ಕೂಡಿಟ್ಟುಕೊಂಡಿರುತ್ತದೆ, ಹೊಸದಾಗಿ ಬಿಟ್ಟವರಲ್ಲಿ ಕೊರತೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ವರ್ಷವಾದರೂ ಬೇಕು. ಕೆದಕುತ್ತ ಹೋದಾಗ ಹೊರಬಿತ್ತು: ಏಳು ವರ್ಷದಿಂದ ದಿನಾ ಬೆಳಿಗ್ಗೆ ಎದೆಯುರಿಗೆ ಆಮ್ಲ ತಗ್ಗಿಸುವ ಮಾತ್ರೆ. ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವುದರಿಂದ ಅದು ಅವರ ಲೆಕ್ಕದಲ್ಲಿ ಔಷಧವೇ ಅಲ್ಲ. ಮೊದಲ ದಿನ ‘ಏನಾದರೂ ಔಷಧ ತಗೊಳ್ತೀರಾ’ ಎಂದು ಕೇಳಿದಾಗ ಪ್ರಾಮಾಣಿಕವಾಗಿಯೇ ಇಲ್ಲ ಎಂದಿದ್ದರು. ಆಹಾರದಲ್ಲಿರುವ ಬಿ12 ಬಿಡುಗಡೆಯಾಗಲು ಹೊಟ್ಟೆಯ ಆಮ್ಲ ಬೇಕು. ಏಳು ವರ್ಷ ಆಮ್ಲ ಕಟ್ಟಿದ್ದರಿಂದ ಅವರ ಉಗ್ರಾಣ ಮೊದಲೇ ಬರಿದಾಗುತ್ತ ಬಂದಿತ್ತು. ಸಸ್ಯಾಹಾರ ಕೊನೆಯ ಬಾಗಿಲು ಮುಚ್ಚಿತು.

ಇನ್ನೊಂದು ಮೋಸವೂ ಇತ್ತು. ಹಿಮೋಗ್ಲೋಬಿನ್ ಚೆನ್ನಾಗಿಯೇ ಇತ್ತು, ರಕ್ತಹೀನತೆಯ ಸುಳಿವಿರಲಿಲ್ಲ. ಕಾಳು, ಸೊಪ್ಪಿನಲ್ಲಿ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ಧಾರಾಳ. ಫೋಲೇಟ್ ಹೆಚ್ಚಿದ್ದಾಗ ಬಿ12 ಕೊರತೆಯ ರಕ್ತಹೀನತೆ ಮರೆಯಾಗಬಹುದು, ಒಳಗೆ ನರದ ಹಾನಿ ಮಾತ್ರ ತನ್ನ ಪಾಡಿಗೆ ನಡೆದಿರುತ್ತದೆ. ರಕ್ತ ಚೆನ್ನಾಗಿದೆ ಎಂದು ಸುಮ್ಮನಿದ್ದರೆ ಕೆಲವೊಮ್ಮೆ ಆ ಹಾನಿ ಮತ್ತೆ ಸರಿಹೋಗುವುದೇ ಇಲ್ಲ.

ವೈದ್ಯರು ದಿನಕ್ಕೆ 1,000 ಮೈಕ್ರೋಗ್ರಾಂ ಬಿ12 ಮಾತ್ರೆ ಕೊಟ್ಟರು. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 2.4 ಮೈಕ್ರೋಗ್ರಾಂ ಮಾತ್ರ. ದೊಡ್ಡ ಅಳತೆಯಲ್ಲಿ ಕೊಟ್ಟಾಗ ಸುಮಾರು ನೂರರಲ್ಲಿ ಒಂದು ಪಾಲು ಕರುಳಿನ ಗೋಡೆಯ ಮೂಲಕ ಹಾಗೇ ಒಳಗೆ ಇಳಿಯುತ್ತದೆ, ಅಷ್ಟು ಸಾಕು. ಮಾತ್ರೆಯ ಬಿ12 ಆಹಾರಕ್ಕೆ ಅಂಟಿಕೊಂಡಿರುವುದಿಲ್ಲವಾದ್ದರಿಂದ ಅದಕ್ಕೆ ಆಮ್ಲದ ಹಂಗೂ ಇಲ್ಲ. ಎದೆಯುರಿಯ ಮಾತ್ರೆಯನ್ನು ವೈದ್ಯರ ನಿಗಾದಲ್ಲಿ ಹಂತಹಂತವಾಗಿ ನಿಲ್ಲಿಸಲಾಯಿತು. ತೂಕ ಇಳಿದ ಮೇಲೆ ಎದೆಯುರಿಯೂ ಹಿಂದಿನಷ್ಟು ಇರಲಿಲ್ಲ. ಜುಮುಗುಡುವಿಕೆ ಮೂರನೇ ತಿಂಗಳಿಗೆ ಪೂರ್ತಿ ಹೋಯಿತು.

ಅಂದಿನಿಂದ ನಾನು ‘ಔಷಧ ತಗೊಳ್ತೀರಾ’ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ‘ದಿನಾ ನುಂಗೋದು ಏನೇನು’ ಎಂದು ಕೇಳುತ್ತೇನೆ. ಬಿ12 ಬಗ್ಗೆ ಹಾಳೆಯಲ್ಲಿ ಬರೆದು ಕೈತೊಳೆದುಕೊಳ್ಳುವುದನ್ನೂ ಬಿಟ್ಟಿದ್ದೇನೆ. ಮಾತ್ರೆಯ ಡಬ್ಬಿ ತಂದು ತೋರಿಸಬೇಕು.

ಒಂದು ವರ್ಷಕ್ಕೆ

ತೂಕ 77 ಕಿಲೋ, ಅಂದರೆ ಮೊದಲಿದ್ದದ್ದರಲ್ಲಿ 8%ಗೂ ಹೆಚ್ಚು ಇಳಿಕೆ. ಸೊಂಟ 93. ಎಚ್‌ಬಿಎ1ಸಿ 5.6, ಖಾಲಿ ಹೊಟ್ಟೆಯ ಸಕ್ಕರೆ 98, ಟ್ರೈಗ್ಲಿಸರೈಡ್ 138, ಬಿಪಿ 124/80.

ಇದರಲ್ಲಿ ಕಾಳಿನ ಪಾಲೆಷ್ಟು, ನಡಿಗೆಯ ಪಾಲೆಷ್ಟು, ಬರೀ ತೂಕ ಇಳಿದದ್ದರ ಪಾಲೆಷ್ಟು ಎಂದು ಯಾರಾದರೂ ಕೇಳಿದರೆ ಬೇರ್ಪಡಿಸಿ ಹೇಳಲು ಬರುವುದಿಲ್ಲ. 58% ಕಂಡ ಆ ಪ್ರಯೋಗದ ಗುಂಪೇನೂ ಸಸ್ಯಾಹಾರಿಗಳದ್ದಲ್ಲ. ಸಸ್ಯಾಹಾರ ಇವರಿಗೆ ಮಾಡಿಕೊಟ್ಟದ್ದು ಏನೆಂದರೆ, ಹಸಿದುಕೊಂಡಿರದೆ, ಲೆಕ್ಕ ಇಡದೆ ತೂಕ ಇಳಿಸಿದ್ದು. ಬಿಪಿಯ ಮಟ್ಟಿಗೆ ಹೇಳುವುದಾದರೆ, ತರಕಾರಿ, ಹಣ್ಣು, ಕೊಬ್ಬು ಕಡಿಮೆಯಿರುವ ಹಾಲಿನ ಪದಾರ್ಥ ಹೆಚ್ಚಿಸಿ ಪರ್ಯಾಪ್ತ ಕೊಬ್ಬು ತಗ್ಗಿಸಿದ ಊಟದಿಂದ ಮೇಲಿನ ಅಂಕಿ 5.5ರಷ್ಟು, ಬಿಪಿ ಹೆಚ್ಚಿರುವವರಲ್ಲಿ 11ರಷ್ಟು ಇಳಿದದ್ದನ್ನು ಡ್ಯಾಶ್ ಎಂಬ ಪ್ರಯೋಗ 1997ರಲ್ಲೇ ತೋರಿಸಿದೆ. ಚಿಪ್ಸ್ ಹೋದದ್ದರಿಂದ ಉಪ್ಪೂ ಕಡಿಮೆಯಾಗಿತ್ತು.

ಎಲ್‌ಡಿಎಲ್ ಮಾತ್ರ 121ಕ್ಕೆ ಬಂದು ನಿಂತುಬಿಟ್ಟಿತು. 162ರಿಂದ ಇಳಿದದ್ದು ಸುಮಾರು 25%, ಊಟದಿಂದ ಇಷ್ಟು ಸಿಗುವುದು ಸಣ್ಣದಲ್ಲ. ಸೋಯಾ, ಬಾದಾಮಿ, ಓಟ್ಸ್, ಬಾರ್ಲಿಯಂಥ ಅಂಟುಗುಣದ ನಾರು, ಸಸ್ಯ ಸ್ಟೆರಾಲ್ (ಕೊಲೆಸ್ಟರಾಲನ್ನು ಹೋಲುವ, ಗಿಡಗಳಲ್ಲಿರುವ ಪದಾರ್ಥ) ಇವನ್ನು ಒಟ್ಟಿಗೆ ಕೊಟ್ಟ ಕೆನಡಾದ 2003ರ ಪ್ರಯೋಗದಲ್ಲಿ ತಿಂಗಳಿಗೆ 28.6% ಇಳಿದಿತ್ತು, ಅದೂ ಊಟವನ್ನು ತಯಾರಿಸಿ ಕೈಗೇ ಕೊಟ್ಟು. ಅಂಟು ನಾರು ಕರುಳಿನಲ್ಲಿ ಪಿತ್ತವನ್ನು ಹಿಡಿದು ಹೊರಗೆ ಸಾಗಿಸುತ್ತದೆ, ಹೊಸ ಪಿತ್ತ ಮಾಡಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನೇ ಎಳೆದುಕೊಳ್ಳಬೇಕಾಗುತ್ತದೆ. ಈ ಕೆಲಸಕ್ಕೂ ಒಂದು ತಳ ಇದೆ.

ಅಪ್ಪನ ಕಥೆ ಗೊತ್ತಿದ್ದ ವೈದ್ಯರು ಲೈಪೋಪ್ರೋಟೀನ್ ‘ಎ’ ಎಂಬ ಇನ್ನೊಂದು ಪರೀಕ್ಷೆ ಮಾಡಿಸಿದರು. ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ಸಾಗುವ ಒಂದು ಕಣ ಅದು, ಹೆಚ್ಚಿದ್ದರೆ ಹೃದಯಕ್ಕೆ ಅಪಾಯ. 50 ಮಿಲಿಗ್ರಾಂ ದಾಟಿದರೆ ಹೆಚ್ಚು, ಇವರಿಗೆ 92. ಇದು ಬಹುಪಾಲು ಹುಟ್ಟಿನಿಂದ ಬರುವ ಅಂಕಿ. ಕಾಳು ತಿಂದರೂ ಅಷ್ಟೆ, ಮಾಂಸ ತಿಂದರೂ ಅಷ್ಟೆ. ಅದನ್ನು ಇಳಿಸಲಾಗದಿದ್ದರೆ ಎಲ್‌ಡಿಎಲ್ ಅನ್ನಾದರೂ ಚೆನ್ನಾಗಿ ಇಳಿಸಬೇಕು ಎಂದು ವೈದ್ಯರು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದರು.

ಅವತ್ತು ಮೇಲ್ವಿಚಾರಕರು ನನ್ನ ಹತ್ತಿರ ಜಗಳಕ್ಕೇ ಬಂದರು. ‘ಕೊನೆಗೂ ಮಾತ್ರೆಗೇ ಬಂದೆವಲ್ಲ ಮೇಡಂ. ಇಷ್ಟು ದಿನ ತಿಂದದ್ದೆಲ್ಲ ದಂಡವಾ?’ ಆ ಪ್ರಶ್ನೆಗೆ ಸಮಾಧಾನದ ಮಾತು ಹೇಳಬಾರದು ಎನ್ನಿಸಿತು. ಹಳೆಯ ವರದಿ, ಹೊಸ ವರದಿ ಅಕ್ಕಪಕ್ಕ ಇಟ್ಟೆ. ಸಕ್ಕರೆ ಕಾಯಿಲೆಯ ಹೊಸ್ತಿಲಿನಿಂದ ಹಿಂದೆ ಸರಿದದ್ದು ಊಟದಿಂದ. ಬಿಪಿ, ಟ್ರೈಗ್ಲಿಸರೈಡ್ ಇಳಿದದ್ದು ಊಟದಿಂದ, ನಡಿಗೆಯಿಂದ. ಅಪ್ಪನಿಂದ ಬಂದ ಈ ಒಂದು ಅಂಕಿಯನ್ನು ಯಾವ ಅಡುಗೆಮನೆಯೂ ಅಳಿಸಲಾರದು. ಮಾತ್ರೆಯನ್ನು ಸೋಲು ಎಂದುಕೊಳ್ಳುವ ಹಟದಿಂದಲೇ ಬಿ12 ಕೈಕೊಟ್ಟಿತ್ತು ಎಂಬುದನ್ನೂ ನೆನಪಿಸಿದೆ. ಸ್ವಲ್ಪ ಹೊತ್ತು ಎರಡು ಹಾಳೆಗಳನ್ನೂ ನೋಡುತ್ತ ಕೂತರು. ಮಾತ್ರೆ ಶುರು ಮಾಡಿದರು. ಎರಡು ತಿಂಗಳಿಗೆ ಎಲ್‌ಡಿಎಲ್ 68.

ಇದೇ ಕೆಲಸದಲ್ಲಿರುವವರಿಗೆ

ಈ ಪ್ರಕರಣವನ್ನು ಎತ್ತಿಕೊಂಡು ಇನ್ನೊಬ್ಬರಿಗೆ ಹಾಗೇ ಹೊದಿಸಲು ಬರುವುದಿಲ್ಲ. ಇವರ ಮೂತ್ರಪಿಂಡ ಚೆನ್ನಾಗಿತ್ತು. ಮೂತ್ರಪಿಂಡದ ತೊಂದರೆ ಇದ್ದವರು, ಪೊಟ್ಯಾಸಿಯಂ ಏರಿಸುವ ಬಿಪಿ ಮಾತ್ರೆ ನುಂಗುವವರು ಕಾಳು, ಹಣ್ಣು, ಸೊಪ್ಪನ್ನು ಈ ಅಳತೆಯಲ್ಲಿ ಏರಿಸುವ ಮುಂಚೆ ರಕ್ತ ತೋರಿಸಲೇಬೇಕು. ಇನ್ಸುಲಿನ್ ಅಥವಾ ಸಕ್ಕರೆಯನ್ನು ನೇರ ಇಳಿಸುವ ಮಾತ್ರೆಯಲ್ಲಿರುವವರು ಊಟ ಬದಲಿಸಿದರೆ, ಔಷಧದ ಅಳತೆ ಅದೇ ವಾರ ಬದಲಾಗಬೇಕಾಗಬಹುದು. ಇಲ್ಲದಿದ್ದರೆ ಸಕ್ಕರೆ ಕುಸಿದು ಬೀಳುತ್ತಾರೆ.

ಸಸ್ಯಾಹಾರಕ್ಕೆ ಎಲ್ಲ ಲೆಕ್ಕವೂ ಅನುಕೂಲವಾಗಿಯೇ ಬಂದಿಲ್ಲ. ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು 2019ರಲ್ಲಿ, ಸಸ್ಯಾಹಾರಿಗಳಲ್ಲಿ ಹೃದಯದ ರಕ್ತನಾಳದ ಕಾಯಿಲೆ 22% ಕಡಿಮೆ ಎಂದು ಹೇಳುತ್ತಲೇ ಪಾರ್ಶ್ವವಾಯು 20% ಹೆಚ್ಚು ಎಂದೂ ವರದಿ ಮಾಡಿತು. ಅದೇ ಅಧ್ಯಯನದ ಮುಂದಿನ ವರ್ಷದ ವರದಿಯಲ್ಲಿ ಹಾಲು ಮೊಟ್ಟೆ ಎಲ್ಲ ಬಿಟ್ಟವರಲ್ಲಿ ಮೂಳೆ ಮುರಿತ ಹೆಚ್ಚು ಕಂಡಿತು. ತೋಫು, ಸೋಯಾ ಹಾಲು, ಬಿ12 ಇವನ್ನು ಅಲಂಕಾರಕ್ಕೆ ಸೇರಿಸುವುದಲ್ಲ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ನನ್ನ ಅಚ್ಚಾದ ಹಾಳೆಗೆ ಈಗ ಒಂದೇ ಮಗ್ಗುಲು. ಹಿಂಬದಿ ಖಾಲಿ. ಮನೆಯಲ್ಲಿ ಅಡುಗೆ ಮಾಡುವವರು ಬಂದ ದಿನ, ಅವರ ಒಲೆ, ಅವರ ಸಮಯ, ಅವರ ಪಾತ್ರೆಗಳನ್ನು ಕೇಳಿಕೊಂಡು ಅಲ್ಲಿ ಕೈಯಲ್ಲಿ ಬರೆಯುತ್ತೇನೆ.

ಹದಿನಾರನೇ ತಿಂಗಳಲ್ಲಿ ಮೇಲ್ವಿಚಾರಕರು ಒಬ್ಬರೇ ಬರಲಿಲ್ಲ, ಜೊತೆಗೆ ತಮ್ಮನನ್ನು ಎಳೆದುಕೊಂಡು ಬಂದಿದ್ದರು. 43 ವರ್ಷ, ಕಡ್ಡಿಯಂತೆ ತೆಳ್ಳಗಿನ ಮೈ, ಸಕ್ಕರೆ ಬಿಪಿ ಯಾವುದೂ ಇಲ್ಲ. ಊಟದ ಬಗ್ಗೆ ಯೋಚಿಸಿದವರೇ ಅಲ್ಲ, ಯೋಚಿಸುವ ಕಾರಣವೂ ಕಂಡಿರಲಿಲ್ಲ. ‘ನನಗೇನಾಗಿದೆ ಅಂತ ಇಲ್ಲಿಗೆ ಕರ್ಕೊಂಡು ಬಂದೆ ಅಣ್ಣ?’ ಎಂದು ದಾರಿಯುದ್ದಕ್ಕೂ ಗೊಣಗಿದ್ದರಂತೆ. ಅಣ್ಣ ಉತ್ತರ ಕೊಡದೆ ತನ್ನ 92ರ ವರದಿಯನ್ನು ತಮ್ಮನ ಕೈಗಿತ್ತರು. ತಮ್ಮನ ರಕ್ತವನ್ನು ಅವತ್ತೇ ಕಳಿಸಿದೆವು. ಮೂರನೇ ದಿನ ಅಂಕಿ ಬಂತು: 104.